ನಾಲ್ಕು ಭಾನುವಾರಗಳ ಎಚ್ಚರ

ನಿದ್ದೆ ಬರುವುದಿಲ್ಲವೆಂದು ಡಾಕ್ಟರರ ಬಳಿ ಹೋಗಿ ಗುಳಿಗೆ ಬರೆಸಿಕೊಂಡು ಬರುವವರನ್ನು ಕಂಡರೆ ನನಗೆ ಮರುಕ ಹುಟ್ಟುತ್ತದೆ. ಪಾಪ, ಇವರು ಒಂದೇ ಒಂದು ಭಾನುವಾರ ಚರ್ಚಿಗೆ ಬಂದು, ಮರದ ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, ಪಾದ್ರಿಗಳ ಪ್ರಸಂಗ ಕೇಳಿದ್ದರೆ ಗುಳಿಗೆಯೇ ಬೇಕಾಗುತ್ತಿರಲಿಲ್ಲವಲ್ಲ ಎನಿಸುತ್ತದೆ. ನಾನಿದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಇದು ನನಗೆ ತಂದೆಯಿಂದ ಬಂದ ಆಸ್ತಿ. ಧಾರವಾಡದಲ್ಲಿ ನಮ್ಮಪ್ಪ ಸಭೆಯ ಹಿರಿಯರಲ್ಲೊಬ್ಬರು. ಪ್ರಸಂಗ ಶುರುವಾದ ಐದು ನಿಮಿಷಕ್ಕೆ ಹಾಡಿನ ಪುಸ್ತಕವನ್ನು ಮುಖದ ಮುಂದೆ ತೆರೆದು ಹಿಡಿದು ನಿದ್ದೆ ಹೋಗುತ್ತಿದ್ದರು. ಆದರೆ ಅವರಲ್ಲೊಂದು ವಿದ್ಯೆಯಿತ್ತು. ಪಾದ್ರಿಗಳು ಕೊನೆಯ 'ಆಮೆನ್' ಹೇಳುವ ಕ್ಷಣಕ್ಕೆ ಸರಿಯಾಗಿ ಎದ್ದು, ಎಲ್ಲರಿಗಿಂತ ಗಟ್ಟಿಯಾಗಿ ತಾವೂ 'ಆಮೆನ್' ಅನ್ನುತ್ತಿದ್ದರು. ಅವರು ತೀರಿಹೋದಾಗ ಸಭೆಯವರು, ಇಷ್ಟು ಏಕಾಗ್ರತೆಯಿಂದ ಪ್ರಸಂಗ ಕೇಳುವವರು ಇನ್ನು ಸಿಗಲಾರರು ಎಂದು ಕಣ್ಣೀರು ಹಾಕಿದರು. ಅಪ್ಪನ ನಿದ್ದೆ ನನಗೆ ಪೂರ್ತಿ ಬಂತು, ವಿದ್ಯೆ ಬರಲಿಲ್ಲ. ಅವರದು ಮೌನದ ನಿದ್ದೆ, ನನ್ನದು ಗೊರಕೆಯ ನಿದ್ದೆ.

ಧಾರವಾಡದಲ್ಲಿ ಇದ್ದಷ್ಟು ಕಾಲ ಇದು ದೊಡ್ಡ ಸಂಗತಿಯಾಗಲಿಲ್ಲ. ಇಂಥವರ ಮಗ ಎಂದು ಜನ ಕ್ಷಮಿಸುತ್ತಿದ್ದರು. ಆದರೆ ಅರವತ್ತರ ದಶಕದಲ್ಲಿ ವಿಮಾ ಕಚೇರಿಯವರು ನನ್ನನ್ನು ಅಲ್ಲಿಂದ ಕಿತ್ತು ಬರೋಡದಲ್ಲಿ ನೆಟ್ಟರು. ಕಚೇರಿ ಅಲ್ಕಾಪುರಿಯಲ್ಲಿ, ಮನೆ ಫತೇಗಂಜಿನಲ್ಲಿ, ಮನೆಯಿಂದ ಕೂಗಳತೆಯಲ್ಲೇ ಚರ್ಚು. ಚರ್ಚಿನಲ್ಲಿ ಎಲ್ಲವೂ ಗುಜರಾತಿಯಲ್ಲಿ. ನನ್ನ ಹೆಂಡತಿ ಸುಗುಣಾ ಬಂದ ಆರು ತಿಂಗಳಲ್ಲಿ ತರಕಾರಿಯವಳ ಜೊತೆ ಜಗಳವಾಡುತ್ತಲೇ ಗುಜರಾತಿ ಕಲಿತುಬಿಟ್ಟಳು. ಒಂಬತ್ತು ವರ್ಷದ ಮಗಳು ಲಿಲ್ಲಿ ಕನಸಿನಲ್ಲಿ ಬಡಬಡಿಸುವುದೂ ಗುಜರಾತಿಯಲ್ಲೇ. ನಾನೊಬ್ಬ ಮಾತ್ರ ನಾಲ್ಕು ವರ್ಷ ಕಳೆದರೂ 'ಕೇಮ್ ಛೋ' (ಹೇಗಿದ್ದೀರಿ), 'ಸಾರೂ ಛೇ' (ಚೆನ್ನಾಗಿದೆ) ಎಂಬ ಎರಡು ಊರುಗೋಲುಗಳ ಮೇಲೆ ನಡೆಯುತ್ತಿದ್ದೆ. ಕಚೇರಿಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಹರುಕುಮುರುಕು ಹಿಂದಿ, ಚರ್ಚಿನಲ್ಲಿ ನಿದ್ದೆ. ಹೀಗೆ ನನ್ನ ಸಂಸಾರ ಸುಗಮವಾಗಿ ಸಾಗಿತ್ತು.

ಆ ವರ್ಷದ ಆಗಮನ ಕಾಲದ ಮೊದಲ ಭಾನುವಾರ ಬಂತು. ಆಗಮನ ಕಾಲವೆಂದರೆ ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲ. ಬರುವವನು ಯಾವ ಗಳಿಗೆಯಲ್ಲಿ ಬರುತ್ತಾನೋ ತಿಳಿಯದು, ಆದ್ದರಿಂದ ತೂಕಡಿಸದೆ ಕಾದಿರಿ ಎನ್ನುವುದು ಆ ದಿನಗಳ ಒಟ್ಟು ಬೋಧನೆ. ನಮ್ಮ ಪಾದ್ರಿ ಪರ್ಮಾರ್ ಸಾಹೇಬರು ಆ ಬೆಳಿಗ್ಗೆ ಅದನ್ನೇ ಎತ್ತಿಕೊಂಡಿದ್ದರು. ಅವರದು ಮಜ್ಜಿಗೆ ಕಡೆಯುವ ಸದ್ದಿನಂಥ ದನಿ. ಏರುವುದೂ ಇಲ್ಲ, ಇಳಿಯುವುದೂ ಇಲ್ಲ. 'ಜಾಗತಾ ರಹೇಜೋ' ಎಂದರು, ಎಂದರೆ 'ಎಚ್ಚರವಾಗಿರಿ' ಎಂದು. ಮತ್ತೊಮ್ಮೆ ಅಂದರು. ಮೂರನೆಯ ಸಲ ಹೇಳಿ, ಆ ಮಾತು ಜನರ ಎದೆಗೆ ಇಳಿಯಲಿ ಎಂದು ದೀರ್ಘವಾಗಿ ಮೌನ ತಾಳಿದರಂತೆ. ಆ ಮೌನದೊಳಗೆ ನನ್ನ ಗೊರಕೆ ಎದ್ದಿತು. ಸಭೆಗೆ ಸಭೆಯೇ ನಕ್ಕಿತು. ಪಾದ್ರಿ ಸಾಹೇಬರೂ ನಕ್ಕು, "ಒಬ್ಬರಾದರೂ ಉತ್ತರ ಕೊಟ್ಟರಲ್ಲ" ಅಂದರಂತೆ. ಈ 'ಅಂತೆ'ಗಳೆಲ್ಲ ಆಮೇಲೆ ಲಿಲ್ಲಿ ಗೇಟಿನ ಬಳಿ, ನನ್ನ ಗೊರಕೆಯನ್ನು ಅಭಿನಯಿಸಿ ತೋರಿಸುತ್ತ ಹೇಳಿದ್ದು. ನಾನಂತೂ ನಗುವಿನ ಸದ್ದಿಗೆ ಎದ್ದು, ಅಪ್ಪನನ್ನು ನೆನೆದು, ಗಟ್ಟಿಯಾಗಿ 'ಆಮೆನ್' ಅಂದಿದ್ದೆ. ಅದಕ್ಕೆ ಜನ ಇನ್ನೊಮ್ಮೆ ನಕ್ಕರು.

ಸುಗುಣಾ ಮನೆಯ ತನಕ ನನಗಿಂತ ಇಪ್ಪತ್ತು ಹೆಜ್ಜೆ ಮುಂದೆ ನಡೆದಳು. ಊಟಕ್ಕೆ ಬಡಿಸುವಾಗ ಸಾರಿನ ಸೌಟು ತಟ್ಟೆಗೆ ತಾಗಿದ ಸದ್ದಿನಲ್ಲೇ ನನಗೆ ಹವಾಮಾನ ತಿಳಿಯಿತು.

"ನಾ ಹಾಡಂಗಿಲ್ಲ" ಅಂದಳು.

ಇದು ಸಣ್ಣ ಮಾತಲ್ಲ. ಆ ಚರ್ಚಿನಲ್ಲಿ ಅಲ್ಲಿಯವರೆಗೆ ಕನ್ನಡದ ಒಂದಕ್ಷರ ಕೇಳಿಬಂದಿರಲಿಲ್ಲ. ಸುಗುಣಾಳ ತಾಯಿ ಕ್ರಿಸ್‌ಮಸ್ಸಿಗೆ ಹಾಡುತ್ತಿದ್ದ ಒಂದು ಜೋಗುಳವಿತ್ತು. ಅದನ್ನು ಈ ಸಲ ಕ್ರಿಸ್‌ಮಸ್ ಬೆಳಗಿನ ಆರಾಧನೆಯಲ್ಲಿ ಹಾಡುತ್ತೇನೆಂದು ಅವಳು ಮಳೆಗಾಲದಿಂದ ಪಾದ್ರಿ ಸಾಹೇಬರ ಬೆನ್ನು ಹತ್ತಿ ಒಪ್ಪಿಗೆ ಪಡೆದಿದ್ದಳು. ಅಡಿಗೆಮನೆಯಲ್ಲಿ ಒಗ್ಗರಣೆಯ ಚಟಪಟದ ನಡುವೆ ಅದರ ಅಭ್ಯಾಸ ನಡೆದೇ ಇತ್ತು.

"ಹಾಂಗಂದ್ರ ಹೆಂಗ" ಅಂದೆ ನಾನು. "ಗೊರಕಿ ಹೊಡದಾಂವ ನಾನು. ಹಾಡೋದು ನೀನು."

"ಯಾವ ಮುಖಾ ಇಟ್ಕೊಂಡು ಎದ್ದು ನಿಂದರ್ಲಿ? ನಾ ಬಾಯಿ ತೆರದ ಕೂಡಲೆ ಮಂದಿ, ಗೊರಕಿಯವರ ಹೇಂತಿ ಅಂತ ನಗ್ತಾರ. ಇನ್ನ ಮೂರು ಐತಾರ ಅದಾವ. ಮೂರೂ ಐತಾರ ನೀವು ಕಣ್ಣು ಮುಚ್ಚಲಾರದ ಕೂತ್ರ ನಾ ಹಾಡ್ತೀನಿ. ಇಲ್ಲಂದ್ರ ಇಲ್ಲ."

ನಾನು ಕಚೇರಿಯಲ್ಲಿ ಎಂಥೆಂಥ ಕೆಲಸಗಳನ್ನು ಗಡುವಿನೊಳಗೆ ಮುಗಿಸಿದವನು. ಆದರೆ ನನ್ನ ರೆಪ್ಪೆಗಳು ನನ್ನ ಕೈಕೆಳಗಿನ ಗುಮಾಸ್ತರಲ್ಲ. ದಿಕ್ಕು ತೋಚದೆ ಮಹಡಿಯ ಮೇಲಿನ ರಾಯರ ಹತ್ತಿರ ಹೋದೆ. ಅವರು ಮೈಸೂರು ಕಡೆಯವರು, ಕೇಂದ್ರ ಸರ್ಕಾರದ ಕೆಲಸದಲ್ಲಿದ್ದವರು, ಸಂಧ್ಯಾವಂದನೆ ತಪ್ಪಿಸದ ಆಸ್ತಿಕರು. ನನ್ನ ಕಷ್ಟ ಕೇಳಿ ಅವರಿಗೆ ನಗು ಬರಲಿಲ್ಲ. ಅದೊಂದು ದೊಡ್ಡ ಉಪಕಾರ.

"ನಮ್ಮಲ್ಲೂ ಇದೇ ಕಥೆ ಸಾರ್" ಅಂದರು. "ಶಿವರಾತ್ರಿ ಜಾಗರಣೆಗೆ ನಮ್ಮ ತಾತ ಒಂದು ಹಸಿಮೆಣಸಿನಕಾಯಿ ಮುರಿದು ಕರ್ಚೀಫಿನಲ್ಲಿ ಇಟ್ಕೊಂಡು ಕೂತಿರೋರು. ಜೊಂಪು ಹತ್ತಿತು ಅನ್ನೋವಾಗ ಕರ್ಚೀಫನ್ನ ಕಣ್ಣಿನ ಹತ್ತಿರ ತರೋದು, ಅಷ್ಟೇ. ನೋಡಿ, ದೇವರು ಬೇರೆ ಇರಬಹುದು, ನಿದ್ದೆ ಎಲ್ಲರಿಗೂ ಒಂದೇ ತಾನೆ."

ಎರಡನೆಯ ಭಾನುವಾರ ರಾಯರ ತಾತನ ಮೆಣಸಿನಕಾಯಿ ಜೇಬಿನಲ್ಲಿಟ್ಟುಕೊಂಡು ಹೋದೆ. ಪ್ರಸಂಗ ಶುರುವಾಯಿತು, ಮಜ್ಜಿಗೆ ಕಡೆಯುವ ಸದ್ದು ಬಂತು, ರೆಪ್ಪೆ ಭಾರವಾಯಿತು. ಕರ್ಚೀಫನ್ನು ಕಣ್ಣಿನ ಹತ್ತಿರ ತಂದೆ. ಹತ್ತಿರ ಎಂದರೆ ಎಷ್ಟು ಹತ್ತಿರ ಎಂದು ರಾಯರನ್ನು ಕೇಳಿಕೊಂಡಿರಲಿಲ್ಲ. ಮುಂದಿನ ಅರ್ಧ ಗಂಟೆ ನನ್ನ ಎರಡೂ ಕಣ್ಣುಗಳಿಂದ ಧಾರೆ ಹರಿಯಿತು, ಮೂಗೂ ಜೊತೆಗೂಡಿತು, ಭುಜಗಳು ಕುಲುಕಿದವು. ನಿದ್ದೆಯಂತೂ ಬರೋಡ ಬಿಟ್ಟು ಸೂರತ್ತಿನ ದಾರಿ ಹಿಡಿಯಿತು. ಸುತ್ತಲಿನವರು ಏಕೋ ನಗುತ್ತಿದ್ದಂತೆ ಮಸುಕಾಗಿ ಕಂಡಿತು. ನನ್ನನ್ನೇ ನೋಡಿ ನಗುತ್ತಿದ್ದಾರೆ ಎಂದುಕೊಂಡು ಇನ್ನಷ್ಟು ತಲೆ ತಗ್ಗಿಸಿದೆ.

ಆರಾಧನೆ ಮುಗಿದು ಹೊರಗೆ ಬಂದಾಗ ರಾಹೇಲ್‌ಬೆನ್ ನನ್ನ ಎರಡೂ ಕೈ ಹಿಡಿದುಕೊಂಡರು. ಅವರಿಗೆ ಎಪ್ಪತ್ತು ದಾಟಿತ್ತು. ಹೆರಿಗೆ ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತರಾದವರು. ಫತೇಗಂಜಿನ ಅರ್ಧದಷ್ಟು ಜನ ಈ ಲೋಕದ ಬೆಳಕನ್ನು ಮೊದಲು ಕಂಡದ್ದು ಅವರ ಕೈಯಲ್ಲಿ. ಬಿಳಿ ಸೀರೆ, ದಪ್ಪ ಕನ್ನಡಕ, ಹೆಂಗಸರ ಕಡೆಯ ಬೆಂಚುಗಳಲ್ಲಿ ನಡುದಾರಿಯ ಅಂಚಿನದೇ ಯಾವಾಗಲೂ ಅವರ ಜಾಗ. ಅವರು ಮೆಲ್ಲಗೆ ಏನೋ ಹೇಳಿದರು. ನಾನು 'ಸಾರೂ ಛೇ' ಅಂದೆ. ಸುಗುಣಾ ಅನುವಾದಿಸಿದಳು. ಅವಳಿಗೆ ಮೆಣಸಿನಕಾಯಿಯ ವಿಷಯ ಗೊತ್ತಿದ್ದರಿಂದ ಅನುವಾದ ಬಿಗಿದ ಹಲ್ಲಿನ ನಡುವಿನಿಂದ ಬಂತು.

"ಈ ಕಾಲದಾಗ ಹಿಂಗ ಅಳೋ ಗಂಡಸನ್ನ ನಾ ಇದೇ ಮೊದಲ ನೋಡಿದೆ ಅನ್ನಾಕತ್ತಾರ. ನಿಮ್ಮ ಎದಿ ಭಾಳ ಮೆತ್ತಗಂತ."

ನಾನು ವಿನಯದಿಂದ ತಲೆಬಾಗಿದೆ. ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಮುದುಕಿ ಇನ್ನೊಂದು ಪ್ರಶ್ನೆ ಕೇಳಿದರು. ಸುಗುಣಾಳ ಮುಖ ಕೆಂಪಾಯಿತು.

"ಇವತ್ತ ಪಾದ್ರಿ ಸಾಹೇಬ್ರು, ತಮ್ಮ ಹಳ್ಯಾಗ ಎಮ್ಮಿ ಹುಡುಕಿಕೋತ ಹೋಗಿ ಕೆಸರಾಗ ಬಿದ್ದಿದ್ದು ಹೇಳಿದ್ರಂತ. ಎಲ್ಲಾರೂ ಹೊಟ್ಟಿ ಹಿಡಕೊಂಡು ನಕ್ಕರಂತ, ನೀವೊಬ್ರ ಅತ್ತೀರಿ. ನಿಮ್ಮದೂ ಎಮ್ಮಿ ಏನರ ಕಳದಿತ್ತೇನು ಅಂತ ಕೇಳಾಕತ್ತಾರ."

ರಾಹೇಲ್‌ಬೆನ್ನರ ಕಣ್ಣಲ್ಲಿ ಹಾಸ್ಯವಿರಲಿಲ್ಲ, ನಿಜವಾದ ಕಾಳಜಿಯಿತ್ತು. ಅದೇ ನನ್ನನ್ನು ಚುಚ್ಚಿದ್ದು. ನಾಲ್ಕು ವರ್ಷ ಒಂದೇ ಛಾವಣಿಯ ಕೆಳಗೆ ಈ ಜನರ ಜೊತೆ ಕೂತು ಎದ್ದಿದ್ದೇನೆ. ಅವರು ಯಾವುದಕ್ಕೆ ನಗುತ್ತಾರೆ, ಯಾವುದಕ್ಕೆ ಅಳುತ್ತಾರೆ ಎಂಬುದೇ ನನಗೆ ತಿಳಿದಿರಲಿಲ್ಲ. ಧಾರವಾಡದ ನಿದ್ದೆ ಅಪ್ಪನದಿರಬಹುದು, ಆದರೆ ಇಲ್ಲಿ ನಾನು ನಿದ್ದೆಹೋಗುತ್ತಿದ್ದುದು ಪ್ರಸಂಗ ಬೇಸರ ತರಿಸುತ್ತಿತ್ತೆಂದಲ್ಲ; ಪ್ರಸಂಗ ಹೇಗಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ನನ್ನ ಕಿವಿಗೆ ಅದು ಬರಿಯ ಸದ್ದು, ಸದ್ದಿಗೆ ಮಗು ಮಲಗುತ್ತದೆ, ನಾನೂ ಮಲಗುತ್ತಿದ್ದೆ. ಮೆಣಸಿನಕಾಯಿ ಕಣ್ಣನ್ನು ತೆರೆಸಬಹುದು, ಕಿವಿಯನ್ನು ತೆರೆಸುವುದಿಲ್ಲ.

ಆ ಸಂಜೆಯೇ ಲಿಲ್ಲಿಯನ್ನು ಕರೆದು, ನನಗೆ ಗುಜರಾತಿ ಕಲಿಸು ಎಂದೆ. ಅವಳು ಬಹಳ ದಿನದಿಂದ ಇಂಥದೊಂದು ಅವಕಾಶಕ್ಕೆ ಕಾದಿದ್ದಂತೆ ಕಂಡಿತು. ತಕ್ಷಣ ಸ್ಕೇಲು ಕೈಗೆ ತೆಗೆದುಕೊಂಡಳು. ದಿನಾ ಕಚೇರಿಯಿಂದ ಬಂದು ಚಹಾ ಕುಡಿದ ಮೇಲೆ ಪಾಠ. ನನ್ನ ಉಚ್ಚಾರಣೆ ತಪ್ಪಿದರೆ, "ಪಪ್ಪಾ, ಐಸಾ ನಹೀಂ, ನೀವು ಸರಿ ಕೇಳಾಕತ್ತಿಲ್ಲ, ಫರೀ ಥೀ ಬೋಲೋ" ಎಂದು ಮೂರು ಭಾಷೆಗಳಲ್ಲಿ ಗದರುತ್ತಿದ್ದಳು. ಅವಳ ಕನ್ನಡ ತಿದ್ದುತ್ತಿದ್ದ ನಾನು ಈಗ ತುಟಿ ಪಿಟಕ್ಕೆನ್ನದೆ ಅವಳು ಹೇಳಿದಂತೆ ಮತ್ತೊಮ್ಮೆ ಹೇಳುತ್ತಿದ್ದೆ. ಕಚೇರಿಯಲ್ಲಿ ಊಟದ ಡಬ್ಬಿ ಬಿಚ್ಚುವಾಗ ಗುಜರಾತಿ ಸಹೋದ್ಯೋಗಿಗಳ ಮಾತಿಗೆ ಕಿವಿ ಕೊಟ್ಟೆ. ಅವರು ನನ್ನ ಬಗ್ಗೆಯೇ ಮಾತಾಡುತ್ತಿರಬಹುದೆಂದು ನಾಲ್ಕು ವರ್ಷ ಗುಮಾನಿಪಟ್ಟಿದ್ದೆ. ಅವರು ಹೆಚ್ಚಾಗಿ ಉಪ್ಪಿನಕಾಯಿಯ ಬಗ್ಗೆ ಮಾತಾಡುತ್ತಿದ್ದರು.

ಮೂರನೆಯ ಭಾನುವಾರ ನನ್ನ ಹತ್ತಿರ ಮೆಣಸಿನಕಾಯಿ ಇರಲಿಲ್ಲ. ತಿಳಿಯದ ಮಾತು ಬಂದರೆ ಬರೆದುಕೊಂಡು ಮನೆಯಲ್ಲಿ ಗುರುಗಳನ್ನು ಕೇಳಬೇಕೆಂದು ಒಂದು ಸಣ್ಣ ಪುಸ್ತಕ, ಪೆನ್ಸಿಲು ಇಟ್ಟುಕೊಂಡಿದ್ದೆ. ಮೊದಲ ಹತ್ತು ನಿಮಿಷ ಹೊಳೆಯಲ್ಲಿ ಮೀನು ಹಿಡಿದಂತಾಯಿತು. ಕೈಗೆ ಸಿಕ್ಕದ್ದಕ್ಕಿಂತ ಜಾರಿದ್ದೇ ಹೆಚ್ಚು. ಆಮೇಲೆ ಒಂದು ಮಾತು ಪದೇ ಪದೇ ಬರತೊಡಗಿತು: 'ರಾಹ್ ಜೋವೀ'. ಬರೆದುಕೊಂಡೆ. ಅದನ್ನು ಪಾದ್ರಿ ಸಾಹೇಬರು ಹೇಳುತ್ತಿದ್ದ ರೀತಿ, ಹೇಳುವಾಗ ಬಾಗಿಲಿನತ್ತ ನೋಡುತ್ತಿದ್ದ ರೀತಿ ನೋಡಿ, ಲಿಲ್ಲಿಯನ್ನು ಕೇಳುವ ಮೊದಲೇ ನನಗೆ ಅರ್ಥ ಹೊಳೆಯಿತು. ರಾಹ್ ಎಂದರೆ ದಾರಿ, ಜೋವೀ ಎಂದರೆ ನೋಡುವುದು. ಗುಜರಾತಿಯಲ್ಲಿ ಕಾಯುವುದಕ್ಕೆ ದಾರಿ ನೋಡುವುದು ಅನ್ನುತ್ತಾರೆ. ನಮ್ಮ ಕಡೆಯೂ ಹಾಗೇ ಅನ್ನುವುದು. ಶಾಲೆಯಿಂದ ಬರುವುದು ತಡವಾದರೆ ಅವ್ವ ಬಾಗಿಲಲ್ಲೇ ನಿಂತು, "ಎಷ್ಟೊತ್ತಿನಿಂದ ಹಾದಿ ನೋಡಾಕತ್ತೀನೋ" ಅನ್ನುತ್ತಿದ್ದಳು. ಅವ್ವನ ಮಾತೊಂದು ಇಷ್ಟು ದೂರ ಬಂದು, ಪರ್ಮಾರ್ ಸಾಹೇಬರ ಬಾಯಿಂದ ನನ್ನನ್ನು ಕರೆದಂತಾಯಿತು. ಆ ದಿನ ನಿಜವಾಗಿಯೇ ಕಣ್ಣಲ್ಲಿ ನೀರು ಬಂತು. ದುರದೃಷ್ಟಕ್ಕೆ ಅದನ್ನು ಯಾರೂ ಗಮನಿಸಲಿಲ್ಲ. ಆದರೆ ಪ್ರಸಂಗ ಮುಗಿದದ್ದೇ ತಿಳಿಯಲಿಲ್ಲ. ಪಾದ್ರಿ ಸಾಹೇಬರು ಎಂಥ ಮೋಜಿನ ಮಾತುಗಾರರು, ಎಷ್ಟು ನಯವಾಗಿ ನಗಿಸಿ ಎಷ್ಟು ಮೆತ್ತಗೆ ಕುಟುಕುತ್ತಾರೆ ಎಂಬುದನ್ನು ನಾಲ್ಕು ವರ್ಷಕ್ಕೆ ಮೊದಲ ಸಲ ಕಂಡುಕೊಂಡೆ. ಊಟಕ್ಕೆ ಸುಗುಣಾ ತುಪ್ಪ ಬಡಿಸಿದಳು. ಸಾಯಂಕಾಲ ಅಡಿಗೆಮನೆಯಿಂದ ಜೋಗುಳ ಮತ್ತೆ ಕೇಳಿಬಂತು.

ನಾಲ್ಕನೆಯ ಭಾನುವಾರ ಚರ್ಚು ತುಂಬಿತ್ತು. ಆದರೆ ಅರ್ಧಕ್ಕರ್ಧ ಜನ ಹಿಂದಿನ ದಿನಗಳಲ್ಲಿ ಮನೆಮನೆಗೆ ಹೋಗಿ ಕ್ರಿಸ್‌ಮಸ್ ಹಾಡು ಹಾಡಿ ಬಂದವರು, ಉಳಿದರ್ಧ ಹಬ್ಬದ ತಿಂಡಿ ಕರಿದು ದಣಿದವರು. ಹಿತವಾದ ಚಳಿ, ಕಿಟಕಿಯಿಂದ ಎಳೆ ಬಿಸಿಲು. ಪ್ರಸಂಗ ಶುರುವಾಗಿ ಹತ್ತು ನಿಮಿಷಕ್ಕೆ ಹಾಡುಗಾರರ ಸಾಲು ಒಂದೇ ತಾಳಕ್ಕೆ ತೂಗತೊಡಗಿತು. ಮುಂದಿನ ಬೆಂಚಿನ ನಿವೃತ್ತ ಪೋಸ್ಟ್‌ಮಾಸ್ತರರು ಗಡ್ಡವನ್ನು ಎದೆಗೆ ಒಪ್ಪಿಸಿದ್ದರು. ನಾನು ಮಾತ್ರ ಪೆನ್ಸಿಲ್ ಹಿಡಿದು ನೆಟ್ಟಗೆ ಕೂತಿದ್ದೆ. ಬರೆದುಕೊಳ್ಳಲು ತಲೆ ತಗ್ಗಿಸಿದಾಗ ನಡುದಾರಿಯ ಆಚೆ ಏನೋ ಧಪ್ಪೆಂದು ಬಿತ್ತು. ರಾಹೇಲ್‌ಬೆನ್ನರ ಹಾಡಿನ ಪುಸ್ತಕ.

ಅವರ ತಲೆ ಒಂದು ಕಡೆಗೆ ವಾಲಿತ್ತು. ಅಕ್ಕಪಕ್ಕದವರು ನೋಡಿ, ಪಾಪ ಅಜ್ಜಿಗೂ ಜೊಂಪು ಹತ್ತಿತು ಎಂದು ಮುಗುಳ್ನಕ್ಕು ಸುಮ್ಮನಾದರು. ಆದರೆ ಈ ವಿಷಯದಲ್ಲಿ ಆ ಚರ್ಚಿನಲ್ಲಿ ನನಗಿಂತ ತಿಳಿದವರು ಇರಲಿಲ್ಲ. ಮೂವತ್ತು ವರ್ಷದ ಅನುಭವ. ಕೂತು ನಿದ್ದೆಮಾಡುವವನ ತಲೆ ಜಾರುತ್ತದೆ, ಮತ್ತೆ ಏಳುತ್ತದೆ, ಪುನಃ ಜಾರುತ್ತದೆ. ಅವನ ಕೈಯಿಂದ ಪುಸ್ತಕ ಬಿದ್ದರೆ, ಅವನೆಷ್ಟೇ ಗಾಢ ನಿದ್ದೆಯಲ್ಲಿರಲಿ, ಬೆಚ್ಚಿ ಎದ್ದು ತಾನು ಎಚ್ಚರವಾಗಿಯೇ ಇದ್ದೆನೆಂದು ತೋರಿಸಿಕೊಳ್ಳಲು ಸುತ್ತ ನೋಡುತ್ತಾನೆ. ತನ್ನ ಪುಸ್ತಕ ಬಿದ್ದ ಸದ್ದಿಗೆ ಏಳದ ನಿದ್ದೆಯನ್ನು ನಾನು ಕಂಡೇ ಇಲ್ಲ. ಮುದುಕಿಯ ತಲೆ ವಾಲಿದ್ದು ವಾಲಿಯೇ ಇತ್ತು. ಅವರ ಹಣೆ ಆ ಚಳಿಯಲ್ಲೂ ಬೆವರಿ ಮಿನುಗುತ್ತಿತ್ತು.

ಎದ್ದೆ. ಪ್ರಸಂಗದ ನಡುವೆ, ನಡುದಾರಿ ದಾಟಿ, ಗಂಡಸರು ಕಾಲಿಡದ ಹೆಂಗಸರ ಕಡೆಗೆ ನಡೆದೆ. ಎರಡು ಸಾಲು ಹಿಂದೆ ಕೂತಿದ್ದ ಸುಗುಣಾ ಬಾಯಿಗೆ ಸೆರಗು ಹಿಡಿದುಕೊಂಡಳು. ಇವರು ನಿದ್ದೆಗಣ್ಣಲ್ಲಿ ಎದ್ದು ಬರುತ್ತಿದ್ದಾರೆ, ಇನ್ನು ಬರೋಡ ಬಿಡುವುದೇ ಸರಿ ಎಂದುಕೊಂಡಳಂತೆ. ಪರ್ಮಾರ್ ಸಾಹೇಬರ ಮಾತು ನಿಂತಿತು. ನಾನು ರಾಹೇಲ್‌ಬೆನ್ನರ ಕೈ ಮುಟ್ಟಿದೆ, ತಣ್ಣಗಿತ್ತು. ತಿರುಗಿ ನಿಂತು, ನನ್ನ ಜೀವನದ ಮೊದಲ ಪೂರ್ತಿ ಗುಜರಾತಿ ವಾಕ್ಯವನ್ನು ಇಡೀ ಸಭೆಗೆ ಕೇಳುವಂತೆ ಹೇಳಿದೆ: ಅಜ್ಜಿ ನಿದ್ದೆ ಮಾಡುತ್ತಿಲ್ಲ, ಡಾಕ್ಟರರನ್ನು ಕರೆಯಿರಿ.

ಸಭೆಯಲ್ಲಿದ್ದ ಡಾಕ್ಟರ್ ಸ್ಯಾಮ್ಯುಯೆಲ್ ಎರಡು ಹೆಜ್ಜೆಗೆ ಬಂದರು. ನಾಡಿ ಹಿಡಿದು, ರೆಪ್ಪೆ ಎತ್ತಿ ನೋಡಿ, ಸಕ್ಕರೆ ತನ್ನಿ ಎಂದರು. ಆರಾಧನೆಯ ನಂತರದ ಚಹಾಕ್ಕೆಂದು ಹಿಂದಿನ ಕೋಣೆಯಲ್ಲಿ ಸಕ್ಕರೆಯ ಡಬ್ಬಿಯೇ ಇತ್ತು. ಗುಜರಾತಿನ ಚಹಾಕ್ಕೆ ಹಾಕುವ ಸಕ್ಕರೆಯಲ್ಲಿ ನಾಲ್ಕು ಜನರನ್ನು ಬದುಕಿಸಬಹುದು. ಅಜ್ಜಿಗೆ ಗುಟುಕು ನುಂಗುವಷ್ಟು ಅರಿವಿನ್ನೂ ಉಳಿದಿತ್ತು. ಸುಗುಣಾ ತಲೆ ಎತ್ತಿ ಹಿಡಿದಳು, ಡಾಕ್ಟರರು ಚಮಚೆಯಿಂದ ಸಕ್ಕರೆ ನೀರು ಹಾಕುತ್ತ ಹೋದರು. ಸಭೆಯೆಲ್ಲ ಎದ್ದು ನಿಂತಿತ್ತು. ಬಹಳ ಹೊತ್ತಾಯಿತೆನಿಸಿದ ಮೇಲೆ ರಾಹೇಲ್‌ಬೆನ್ ಕಣ್ಣು ತೆರೆದು ಎಲ್ಲರನ್ನೂ ನೋಡಿ, "ಪ್ರಸಂಗ ಮುಗಿಯಿತೇ?" ಎಂದು ಕೇಳಿದರು. ಬೆಳಿಗ್ಗೆ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ತಾವೇ ಚುಚ್ಚಿಕೊಂಡು, ಹಬ್ಬಕ್ಕೆ ಮುಂಚಿನ ಉಪವಾಸವೆಂದು ಏನೂ ತಿನ್ನದೆ ಬಂದಿದ್ದರಂತೆ; ಮೈಯ ಸಕ್ಕರೆ ತೀರ ಇಳಿದುಹೋಗಿತ್ತು. ಊರಿಗೆಲ್ಲ ಪಥ್ಯ ಹೇಳಿದ ನರ್ಸಮ್ಮ. ಡಾಕ್ಟರರು ನನ್ನ ಭುಜ ತಟ್ಟಿ, ನಿದ್ದೆ ಅಂತ ಸುಮ್ಮನೆ ಬಿಟ್ಟಿದ್ದರೆ ಪ್ರಸಂಗ ಮುಗಿಯುವಷ್ಟರಲ್ಲಿ ಕೈಮೀರುತ್ತಿತ್ತು ಎಂದರು.

ಮನೆಗೆ ಹೋಗುವಾಗ ಸುಗುಣಾ ನನ್ನ ಪಕ್ಕದಲ್ಲೇ ನಡೆದಳು. ಗೇಟು ಬಂದಾಗ, "ನೀವು ಅಷ್ಟ ವರ್ಷ ಮಲಕೊಂಡಿದ್ದು ಇವತ್ತ ಕೆಲಸಕ್ಕ ಬಂತು ನೋಡ್ರಿ" ಅಂದಳು. ನಮ್ಮ ದಾಂಪತ್ಯದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಬಿರುದು ಅದು.

ಕ್ರಿಸ್‌ಮಸ್ ಬೆಳಿಗ್ಗೆ ಅವಳು ಹಾಡಿದಳು. ನೀಲಿ ರೇಷ್ಮೆ ಸೀರೆಯುಟ್ಟು, ಪುಸ್ತಕವಿಲ್ಲದೆ, ತಾಯಿ ಹಾಡುತ್ತಿದ್ದ ಹಾಗೇ ನಿಧಾನವಾಗಿ. ಒಬ್ಬರಿಗೂ ಒಂದು ಪದ ಅರ್ಥವಾಗಲಿಲ್ಲ, ಆದರೆ ಜೋಗುಳಕ್ಕೆ ಅನುವಾದ ಬೇಕಿಲ್ಲವಲ್ಲ. ಮೊದಲ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದ ರಾಹೇಲ್‌ಬೆನ್ ಕೈಯನ್ನು ತೊಟ್ಟಿಲಿನಂತೆ ತೂಗುತ್ತಿದ್ದರು. ನಮ್ಮ ಕನ್ನಡ ಹಾಡು ಕೇಳಲೆಂದೇ ರಾಯರು ಹೆಂಡತಿಯ ಸಮೇತ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಹಾಡು ಮುಗಿದಾಗ ಇದು ಚರ್ಚು ಎಂಬುದನ್ನು ಮರೆತು ಚಪ್ಪಾಳೆ ಹೊಡೆದವರು ಅವರೇ. ಒಂದು ಕ್ಷಣ ಬಿಟ್ಟು ಇಡೀ ಸಭೆ ಕೂಡಿಕೊಂಡಿತು. ಲಿಲ್ಲಿ ಪಕ್ಕದ ಹುಡುಗಿಗೆ, "ಮಾರೀ ಮಮ್ಮೀ", ನನ್ನ ಮಮ್ಮಿ, ಎಂದು ನಾಲ್ಕು ಸಲ ಹೇಳಿದಳು. ನನ್ನ ಎದೆ ಎಷ್ಟು ಉಬ್ಬಿತೆಂದರೆ ಕೋಟಿನ ಗುಂಡಿ ತೆಗೆಯಬೇಕಾಯಿತು.

ಉಬ್ಬಿದ ಎದೆ ಮುಂದಿನ ಭಾನುವಾರಕ್ಕೂ ಇಳಿದಿರಲಿಲ್ಲ. ಸಭೆಯ ಕಾವಲು ನನ್ನ ಮೇಲೇ ಬಿದ್ದಿದೆ ಎಂಬ ಭಾವ ಬಂದುಬಿಟ್ಟಿತ್ತು. ಎಲ್ಲ ಸಾಲುಗಳೂ ಕಾಣುವಂಥ ಜಾಗ ಆರಿಸಿಕೊಂಡು ಕೂತೆ. ಯಾರ ತಲೆ ಜಾರಿತು, ಯಾರದು ಮರಳಿ ಬಂತು ಎಂದು ಒಂದೊಂದನ್ನೂ ಗಮನಿಸಿದೆ. ಪೋಸ್ಟ್‌ಮಾಸ್ತರರ ಗಡ್ಡ ಎದೆಗಿಳಿದದ್ದು ಬಹಳ ಹೊತ್ತಾದರೂ ಮೇಲೇಳಲಿಲ್ಲ. ಕಾದು ನೋಡಿದೆ, ತಡೆಯಲಾಗಲಿಲ್ಲ. ಮುಂದೆ ಬಾಗಿ ಅವರ ಭುಜ ಹಿಡಿದು ಜೋರಾಗಿ ಅಲುಗಿಸಿ, ಸಕ್ಕರೆ ಬೇಕೇ ಎಂದು ಕೇಳಿದೆ. ಅವರು ಬೆಚ್ಚಿ ಎದ್ದು ನನ್ನನ್ನು ಗುರುತಿಸಿ, ಹಲ್ಲು ಕಚ್ಚಿ, ನಾನು ಬರಿಯ ನಿದ್ದೆ ಮಾಡುತ್ತಿದ್ದೇನೆ ಭಾಯಿ, ದಯವಿಟ್ಟು ಮಾಡಲು ಬಿಡಿ ಎಂದರು. ಅಷ್ಟು ಗುಜರಾತಿ ನನಗೆ ಚೆನ್ನಾಗಿ ಅರ್ಥವಾಯಿತು.

ಮಧ್ಯಾಹ್ನ ಊಟಕ್ಕೆ ಕೂತಾಗ, ಅಡಿಗೆ ನೋಡಿಕೊಳ್ಳಲೆಂದು ಆ ದಿನ ಮನೆಯಲ್ಲೇ ಉಳಿದಿದ್ದ ಸುಗುಣಾ, "ಇವತ್ತ ಪ್ರಸಂಗದಾಗ ಏನ್ ಹೇಳಿದ್ರೀ?" ಅಂತ ಕೇಳಿದಳು.

ನಾನು ಎತ್ತಿದ ತುತ್ತನ್ನು ಮತ್ತೆ ತಟ್ಟೆಗೆ ಇಳಿಸಿದೆ. ಒಂದು ಗಂಟೆ ರೆಪ್ಪೆ ಬಡಿಯದೆ ಕೂತಿದ್ದೆ. ಒಂದು ಮಾತೂ ನೆನಪಿಗೆ ಬರಲಿಲ್ಲ.